ಚಿಕ್ಕಬಳ್ಳಾಪುರದಿಂದಲೇ ಇಂಟರ್‌ನ್ಯಾಷನಲ್ ಶಾಲೆಯ ಫಿಸಿಕ್ಸ್ ಮೇಷ್ಟ್ರಾಗಲು

ಯಲಹಂಕದಿಂದ ದೇವನಹಳ್ಳಿಯವರೆಗಿನ ರಸ್ತೆಯ ಆಚೀಚೆ ಇಂಟರ್‌ನ್ಯಾಷನಲ್ ಶಾಲೆಗಳು ಒಂದಾದ ಮೇಲೊಂದು ಎದ್ದಿವೆ. 1996ರಲ್ಲಿ ಆರಂಭವಾದ ಕೆನೆಡಿಯನ್ ಇಂಟರ್‌ನ್ಯಾಷನಲ್ ಸ್ಕೂಲ್ ಯಲಹಂಕದಲ್ಲಿದೆ. ತರಹುಣಸೆಯ ಸ್ಟೋನ್‌ಹಿಲ್ 2008ರದ್ದು. ಇಂಗ್ಲೆಂಡಿನ ಹ್ಯಾರೋ ಹೆಸರಿನ ಶಾಲೆ 2023ರಲ್ಲಿ ದೇವನಹಳ್ಳಿ ಬಳಿ ಬಾಗಿಲು ತೆರೆಯಿತು. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಿಂದ ಹೊರಟರೆ ದೇವನಹಳ್ಳಿ ಅರ್ಧ ಗಂಟೆಯ ದಾರಿ. ಶಿಡ್ಲಘಟ್ಟ, ಚಿಂತಾಮಣಿಯವರಿಗೆ ಅದೇ ದಿಕ್ಕಿನ ರೈಲು ಮಾರ್ಗವೂ ಇದೆ. ಆದರೂ ಈ ಶಾಲೆಗಳ ಸ್ಟಾಫ್ ರೂಮಿನಲ್ಲಿ ನಮ್ಮ ಜಿಲ್ಲೆಯ ಬಿ.ಎಸ್ಸಿ., ಎಂ.ಎಸ್ಸಿ. ಪದವೀಧರರು ಕೂರುವುದು ಅಪರೂಪ. ವಿಷಯ ಗೊತ್ತಿಲ್ಲವೆಂದಲ್ಲ, ದಾರಿ ಗೊತ್ತಿಲ್ಲ.

ದಾರಿ ತೋರಿಸುತ್ತೇವೆ ಎನ್ನುವ ಆನ್‌ಲೈನ್ ಕೋರ್ಸುಗಳ ಜಾಹೀರಾತಿಗೆ ಮಾತ್ರ ಕೊರತೆಯಿಲ್ಲ. ಮನೆಯಲ್ಲೇ ಕೂತು ಕಲಿಯಿರಿ, ದುಬೈ, ಸಿಂಗಪುರದಲ್ಲಿ ಪಾಠ ಮಾಡಿ ಎಂದು ಫೋನಿನ ತುಂಬ ಬರುತ್ತವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಆನ್‌ಲೈನ್ ತರಬೇತಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಆದರೆ ಅದು ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಮೂರು ಮೆಟ್ಟಿಲುಗಳಿವೆ: ಗಟ್ಟಿ ಫಿಸಿಕ್ಸ್, ಮಾನ್ಯತೆಯುಳ್ಳ ಬಿ.ಎಡ್., ಮಕ್ಕಳ ಮುಂದೆ ನಿಂತು ಪಾಠ ಮಾಡಿದ ಅನುಭವ. ಈ ಕ್ರಮ ತಪ್ಪಿಸಿ ನೇರ ಸರ್ಟಿಫಿಕೇಟಿಗೆ ಹಣ ಕಟ್ಟಿದವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಹುರುಪನ್ನೂ ಕಳೆದುಕೊಳ್ಳುತ್ತಾರೆ.

ಬೋರ್ಡಿನ ಮೇಲಿನ ಹೆಸರು ಸಾಲದು

ಊರೂರಿಗೆ ಈಗ ‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂಬ ಬೋರ್ಡು ಇದೆ. ಅವುಗಳಲ್ಲಿ ಬಹುಪಾಲು ಸಿಬಿಎಸ್‌ಇ ಅಥವಾ ರಾಜ್ಯ ಪಠ್ಯಕ್ರಮದ ಶಾಲೆಗಳು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನಿಮ್ಮ ತರಬೇತಿಯ ಲೆಕ್ಕಾಚಾರವೇ ಬದಲಾಗುತ್ತದೆ. ನಿಜವಾದ ಅರ್ಥದಲ್ಲಿ ಇಂಟರ್‌ನ್ಯಾಷನಲ್ ಎಂದರೆ ಸಾಮಾನ್ಯವಾಗಿ ಎರಡು ಪದ್ಧತಿಗಳು. ಒಂದು ಕೇಂಬ್ರಿಜ್: ಹದಿನಾಲ್ಕರಿಂದ ಹದಿನಾರು ವಯಸ್ಸಿನವರಿಗೆ ಐಜಿಸಿಎಸ್‌ಇ, ನಂತರ ಎಎಸ್ ಮತ್ತು ಎ ಲೆವೆಲ್. ಇನ್ನೊಂದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್, ಅಂದರೆ ಐಬಿ: ಹನ್ನೊಂದರಿಂದ ಹದಿನಾರರವರೆಗೆ ಎಂವೈಪಿ, ಕೊನೆಯ ಎರಡು ವರ್ಷ ಡಿಪ್ಲೊಮಾ. ಕೇಂಬ್ರಿಜ್ ಮತ್ತು ಐಬಿ ಎರಡರ ಜಾಲತಾಣದಲ್ಲೂ ಶಾಲೆಯ ಹೆಸರು ಹಾಕಿ ಹುಡುಕುವ ಸೌಲಭ್ಯವಿದೆ. ಶಾಲೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗಾಗಿ ನೀವು ಐಬಿ ತರಬೇತಿ ಪಡೆಯಬೇಕಾಗಿಲ್ಲ.

ಅವರು ಕೇಳುವ ಫಿಸಿಕ್ಸ್ ಎಂಥದ್ದು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಸಂದರ್ಶನದಲ್ಲಿ ನಮ್ಮವರು ಎಡವುವುದು ಇಲ್ಲಿಯೇ.

ಪಠ್ಯದ ವಿಷಯ ನಮಗೆ ಹೊಸದಲ್ಲ. ಕೇಂಬ್ರಿಜ್ ಐಜಿಸಿಎಸ್‌ಇ ಫಿಸಿಕ್ಸ್, ಅದರ ಸಂಕೇತ 0625, ನಮ್ಮ ಎಂಟರಿಂದ ಪ್ರಥಮ ಪಿಯುವರೆಗಿನ ವಿಷಯಗಳ ಆಸುಪಾಸಿನಲ್ಲೇ ಇದೆ. 9702 ಸಂಕೇತದ ಎ ಲೆವೆಲ್ ನಮ್ಮ ಪಿಯುಸಿಯನ್ನು ದಾಟಿ ಬಿ.ಎಸ್ಸಿ. ಮೊದಲ ವರ್ಷದ ಅಂಚಿಗೆ ಅಲ್ಲಲ್ಲಿ ಮುಟ್ಟುತ್ತದೆ. ಐಬಿ ಡಿಪ್ಲೊಮಾ ಫಿಸಿಕ್ಸ್‌ನ ಹೊಸ ಪಠ್ಯಕ್ರಮ 2023ರಲ್ಲಿ ಜಾರಿಗೆ ಬಂತು, ಅದರ ಮೊದಲ ಪರೀಕ್ಷೆ ನಡೆದದ್ದು 2025ರಲ್ಲಿ. ಅದರಲ್ಲಿ ಐದು ಭಾಗಗಳು: ದೇಶ, ಕಾಲ ಮತ್ತು ಚಲನೆ, ದ್ರವ್ಯದ ಕಣಸ್ವರೂಪ, ತರಂಗಗಳು, ಕ್ಷೇತ್ರಗಳು, ನ್ಯೂಕ್ಲಿಯರ್ ಮತ್ತು ಕ್ವಾಂಟಂ ಭೌತಶಾಸ್ತ್ರ. ಸ್ಟ್ಯಾಂಡರ್ಡ್ ಲೆವೆಲ್‌ಗೆ 150 ಗಂಟೆ, ಹೈಯರ್ ಲೆವೆಲ್‌ಗೆ 240 ಗಂಟೆ ಪಾಠ.

ವಿಷಯ ಪರಿಚಿತವಾದರೂ ಪ್ರಶ್ನೆ ಕೇಳುವ ರೀತಿ ಬೇರೆ. ನಮ್ಮ ಪರೀಕ್ಷೆಯಲ್ಲಿ ‘ಸಾಮರ್ಥ್ಯ ಎಂದರೇನು, ಅದರ ಏಕಮಾನ ಬರೆಯಿರಿ’ ಎಂಬುದಕ್ಕೆ ಎರಡು ಅಂಕ. ಅವರ ಪ್ರಶ್ನೆಯ ಧಾಟಿಯಲ್ಲಿ ನಮ್ಮೂರಿನದೇ ಒಂದು ಪ್ರಶ್ನೆ ಮಾಡಿ ನೋಡೋಣ. ಚಿಂತಾಮಣಿ ಕಡೆಯ ಒಂದು ತೋಟದ ಬೋರ್‌ವೆಲ್‌ನಲ್ಲಿ ನೀರು ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್ ಆಳದಲ್ಲಿದೆ. ಸೆಕೆಂಡಿಗೆ ಒಂದು ಲೀಟರ್ ನೀರು ಮೇಲೆ ಬರಬೇಕು. ಪಂಪ್ ಕೊಡಬೇಕಾದ ಕನಿಷ್ಠ ಸಾಮರ್ಥ್ಯ ಎಷ್ಟು? ಒಂದು ಕೆ.ಜಿ. ಗುಣಿಸು 9.8 ಗುಣಿಸು 300, ಸುಮಾರು 2,940 ವ್ಯಾಟ್, ಅಂದರೆ ಹತ್ತಿರ ಹತ್ತಿರ 4 ಎಚ್‌ಪಿ. ಇಷ್ಟಕ್ಕೆ ಮುಗಿಯುವುದಿಲ್ಲ. ಆ ರೈತ ಇಳಿಸಿರುವುದು 8 ಎಚ್‌ಪಿ ಮೋಟಾರಾದರೆ ದಕ್ಷತೆ ಎಷ್ಟು, ಉಳಿದ ಶಕ್ತಿ ಎಲ್ಲಿ ಹೋಯಿತು, ಪೈಪಿನ ವ್ಯಾಸ ಹೆಚ್ಚಿಸಿದರೆ ಏನಾದೀತು, ನಿಮ್ಮ ಉತ್ತರಕ್ಕೆ ಕಾರಣ ಕೊಡಿ ಎಂದು ಪ್ರಶ್ನೆ ಒಳಗೊಳಗೆ ಇಳಿಯುತ್ತದೆ. ‘ತಿಳಿಸಿ’, ‘ವಿವರಿಸಿ’, ‘ಕಾರಣ ಕೊಡಿ’, ‘ಸೂಚಿಸಿ’ ಎಂಬ ಒಂದೊಂದು ಕ್ರಿಯಾಪದಕ್ಕೂ ಅಲ್ಲಿ ಬೇರೆ ಬೇರೆ ನಿರೀಕ್ಷೆ, ಬೇರೆ ಅಂಕ. ಅಂಕ ಹಂಚುವ ಆ ಮಾರ್ಕ್ ಸ್ಕೀಮನ್ನು ಓದಲು ಕಲಿತ ದಿನ ನಿಮ್ಮ ಅರ್ಧ ತರಬೇತಿ ಮುಗಿದಂತೆ.

ಇನ್ನರ್ಧ ಲ್ಯಾಬಿನಲ್ಲಿದೆ. ಐಜಿಸಿಎಸ್‌ಇಯಲ್ಲಿ ಶೇ 20 ಅಂಕ ಪ್ರಾಯೋಗಿಕ ಕೌಶಲಕ್ಕೆ. ಐಬಿಯಲ್ಲಿಯೂ ಶೇ 20. ಅಲ್ಲಿ ವಿದ್ಯಾರ್ಥಿ ತನ್ನದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿ 3,000 ಪದ ಮೀರದ ವರದಿ ಬರೆಯಬೇಕು. ರೆಕಾರ್ಡ್ ಪುಸ್ತಕ ನಕಲು ಮಾಡಿಸಿ ಸಹಿ ಹಾಕುವ ರೂಢಿ ಅಲ್ಲಿ ಒಂದು ವಾರವೂ ನಡೆಯುವುದಿಲ್ಲ. ಸರಳ ಲೋಲಕವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ದಾರಕ್ಕೆ ಒಂದು ಆಂದೋಲನ ಸುಮಾರು 2 ಸೆಕೆಂಡು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ತಡವಾದರೆ ಅಲ್ಲಿಗೇ ಶೇ 10ರಷ್ಟು ಅನಿಶ್ಚಿತತೆ. ಇಪ್ಪತ್ತು ಆಂದೋಲನ ಎಣಿಸಿ 40 ಸೆಕೆಂಡು ಅಳೆದರೆ ಅದೇ 0.2 ಸೆಕೆಂಡಿನ ಪಾಲು ಶೇ 0.5ಕ್ಕೆ ಇಳಿಯುತ್ತದೆ. ‘ಇಪ್ಪತ್ತು ಎಣಿಸಿ’ ಎಂದು ಹೇಳಿಬಿಡುವ ಮೇಷ್ಟ್ರು ಬೇರೆ, ಒಂದು ಆಂದೋಲನ ಅಳೆಯಲು ಬಿಟ್ಟು, ಪಕ್ಕದ ಬೆಂಚಿನವರ ಉತ್ತರ ಯಾಕೆ ಹೊಂದುತ್ತಿಲ್ಲ ಎಂದು ಕೇಳಿ, ಮಕ್ಕಳೇ ಇಪ್ಪತ್ತಕ್ಕೆ ಬರುವಂತೆ ಮಾಡುವ ಮೇಷ್ಟ್ರು ಬೇರೆ. ಆ ಶಾಲೆಗಳು ಹುಡುಕುವುದು ಎರಡನೆಯವರನ್ನು. ನನ್ನನ್ನು ಕೇಳಿದರೆ ನಮ್ಮ ಸರ್ಕಾರಿ ಪ್ರೌಢಶಾಲೆಗೂ ಬೇಕಾದವರು ಅವರೇ.

ಬಿ.ಎಡ್. ಬೇಡ ಎನ್ನುವವರ ಮಾತು ಕೇಳಬೇಡಿ

ಕೆಲವು ಖಾಸಗಿ ಶಾಲೆಗಳು ಬಿ.ಎಡ್. ಇಲ್ಲದವರನ್ನೂ ತೆಗೆದುಕೊಳ್ಳುತ್ತವೆ, ನಿಜ. ಆದರೆ ಮುಂದೆ ವಿದೇಶಕ್ಕೆ ಹೋಗುವಾಗ, ಅಥವಾ ಇಲ್ಲೇ ಒಳ್ಳೆಯ ಶಾಲೆಗೆ ಬದಲಾಗುವಾಗ, ಮೊದಲು ಕೇಳುವ ಕಾಗದ ಅದು. ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ 2014ರಲ್ಲಿ ತಂದ ನಿಯಮದಂತೆ ಬಿ.ಎಡ್. ಎರಡು ವರ್ಷದ್ದು, ಅದರಲ್ಲಿ ಇಪ್ಪತ್ತು ವಾರ ಶಾಲೆಯಲ್ಲೇ ಕಳೆಯಬೇಕು. ಬಿ.ಎಸ್ಸಿ. ಅಥವಾ ಎಂ.ಎಸ್ಸಿ.ಯಲ್ಲಿ ಶೇ 50 ಇರಬೇಕು. ಎಂಜಿನಿಯರಿಂಗ್ ಓದಿದವರಿಗೂ ಅವಕಾಶವಿದೆ, ಅವರಿಗೆ ಶೇ 55. ಮೀಸಲಾತಿಯವರಿಗೆ ಸಡಿಲಿಕೆ ಇದೆ. ನಮ್ಮ ಜಿಲ್ಲೆಯಲ್ಲಿ ಬಿ.ಇ. ಮುಗಿಸಿ ಮನಸ್ಸಿಗೆ ಒಗ್ಗದ ಕೆಲಸದಲ್ಲಿರುವ ಹುಡುಗ ಹುಡುಗಿಯರು ಬಹಳ ಮಂದಿ. ಅವರಲ್ಲಿ ಪಾಠ ಹೇಳುವ ಒಲವಿದ್ದವರು ಇದನ್ನು ಗಮನಿಸಬೇಕು.

ಪೂರ್ತಿ ಆನ್‌ಲೈನಿನಲ್ಲಿ ಮುಗಿಯುವ ಬಿ.ಎಡ್. ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ಶಾಲೆಯಲ್ಲಿ ಕೆಲಸದಲ್ಲಿರುವ, ತರಬೇತಿ ಪಡೆದ ಶಿಕ್ಷಕರಿಗೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಎಡ್. ಇದೆ, ಆದರೆ ಅದರಲ್ಲೂ ಕಾರ್ಯಾಗಾರ ಮತ್ತು ಬೋಧನಾಭ್ಯಾಸಕ್ಕೆ ಖುದ್ದಾಗಿ ಹೋಗಲೇಬೇಕು. ಕಾಲೇಜು ಸೇರುವ ಮೊದಲು ಅದರ ಹೆಸರು ಎನ್‌ಸಿಟಿಇ ಪಟ್ಟಿಯಲ್ಲಿದೆಯೇ ನೋಡಿ. ಈಗಷ್ಟೇ ಪಿಯುಸಿ ಮುಗಿಸುತ್ತಿರುವವರಿಗೆ ಇನ್ನೂ ಒಳ್ಳೆಯ ದಾರಿ ಮೈಸೂರಿನಲ್ಲಿದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅಲ್ಲಿ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ. ವಿಜ್ಞಾನ ಮತ್ತು ಬೋಧನೆ ಎರಡನ್ನೂ ಒಟ್ಟಿಗೆ ಕಲಿಸುವ ಸಂಯೋಜಿತ ಕೋರ್ಸುಗಳಿಗೆ ಅದು ಹೆಸರುವಾಸಿ.

ಆನ್‌ಲೈನಿನಲ್ಲಿ ಏನೇನಿದೆ

ಈಗ ಆ ಕೊನೆಯ ಮೆಟ್ಟಿಲಿಗೆ ಬರೋಣ. ಕೋರ್ಸನ್ನು ಆರಿಸುವ ಮೊದಲು ಎಲ್ಲಿ ಪಾಠ ಮಾಡಬೇಕು ಎಂಬುದನ್ನು ನಿರ್ಧರಿಸಿಕೊಳ್ಳಿ.

ಬ್ರಿಟಿಷ್ ಪದ್ಧತಿಯ ಶಾಲೆಗಳ ಕಡೆ ಮನಸ್ಸಿದ್ದರೆ ಪಿಜಿಸಿಇ ಇಂಟರ್‌ನ್ಯಾಷನಲ್ ಎಂಬ ಕೋರ್ಸುಗಳಿವೆ. ನಾಟಿಂಗ್‌ಹ್ಯಾಮ್, ಸಂಡರ್‌ಲ್ಯಾಂಡ್‌ನಂಥ ವಿಶ್ವವಿದ್ಯಾಲಯಗಳು ಇವನ್ನು ದೂರದಿಂದಲೇ ಕಲಿಸುತ್ತವೆ. ಶುಲ್ಕ ಲಕ್ಷಗಳಲ್ಲಿದೆ. ಓದುವಾಗ ನೀವು ಯಾವುದಾದರೂ ಶಾಲೆಯಲ್ಲಿ ಪಾಠ ಮಾಡುತ್ತಿರಬೇಕು ಎಂಬುದು ಸಾಮಾನ್ಯ ಷರತ್ತು, ಬರೆಯುವ ಪ್ರಬಂಧಗಳೆಲ್ಲ ಆ ತರಗತಿಯ ಮೇಲೆಯೇ ಇರುತ್ತವೆ. ಇದು ವಿದ್ಯಾರ್ಹತೆ ಮಾತ್ರ, ಇಂಗ್ಲೆಂಡಿನಲ್ಲಿ ಪಾಠ ಮಾಡುವ ಅಧಿಕೃತ ಶಿಕ್ಷಕ ಸ್ಥಾನಮಾನ, ಅಂದರೆ ಕ್ಯೂಟಿಎಸ್, ಇದರಿಂದ ಸಿಗುವುದಿಲ್ಲ. ಜಾಹೀರಾತಿನಲ್ಲಿ ಈ ವ್ಯತ್ಯಾಸ ಸಣ್ಣ ಅಕ್ಷರದಲ್ಲಿರುತ್ತದೆ. ಕ್ಯೂಟಿಎಸ್‌ಗೆ ಸಮಾನವಾದ ಐಕ್ಯೂಟಿಎಸ್ ಎಂಬ ಬೇರೆ ಅರ್ಹತೆಯನ್ನು ಬ್ರಿಟನ್ ಸರ್ಕಾರ 2022ರಲ್ಲಿ ಆರಂಭಿಸಿದೆ. ಅದನ್ನು ಬೇರೆ ದೇಶದಲ್ಲಿದ್ದುಕೊಂಡೇ ಪಡೆಯಬಹುದು.

ನಮ್ಮ ಫಿಸಿಕ್ಸ್ ಮೇಷ್ಟ್ರುಗಳಿಗೆ ತಿಳಿದಿರಲೇಬೇಕಾದ ಸಂಗತಿ ಇನ್ನೊಂದಿದೆ. ಇಂಗ್ಲೆಂಡಿನಲ್ಲಿ ಭೌತಶಾಸ್ತ್ರ ಶಿಕ್ಷಕರ ಕೊರತೆ ವರ್ಷಗಳಿಂದ ನೀಗಿಲ್ಲ. ಹಾಗಾಗಿ 2023ರಿಂದ ಭಾರತವೂ ಸೇರಿ ಕೆಲವು ದೇಶಗಳ ಅರ್ಹ ಶಿಕ್ಷಕರು ನೇರವಾಗಿ ಕ್ಯೂಟಿಎಸ್‌ಗೆ ಅರ್ಜಿ ಹಾಕಬಹುದು. ಪದವಿ, ಶಿಕ್ಷಕ ತರಬೇತಿ, ಕನಿಷ್ಠ ಒಂದು ಶಾಲಾ ವರ್ಷದ ಅನುಭವ, ಇಂಗ್ಲಿಷ್ ಪ್ರಾವೀಣ್ಯ ಇವೆಲ್ಲಕ್ಕೂ ಪುರಾವೆ ಬೇಕು. ಅಂದರೆ ಬಿ.ಎಡ್. ಮಾಡಿ ಚಿಂತಾಮಣಿಯ ಒಂದು ಪ್ರೌಢಶಾಲೆಯಲ್ಲಿ ನಿಯಮಿತವಾಗಿ ಪಾಠ ಮಾಡಿದವರು, ಲಕ್ಷಾಂತರ ರೂಪಾಯಿಯ ಕೋರ್ಸಿಗೆ ಮೊದಲು ಈ ಬಾಗಿಲು ತಟ್ಟಿ ನೋಡಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಬ್ರಿಟನ್ ಸರ್ಕಾರದ ತಾಣದಲ್ಲೇ ಓದಿ, ಏಜೆಂಟರ ಬಾಯಿಂದಲ್ಲ.

ಅಮೆರಿಕನ್ ಪದ್ಧತಿಯ ಶಾಲೆಗಳಿಗೆ ಮೋರ್‌ಲ್ಯಾಂಡ್ ವಿಶ್ವವಿದ್ಯಾಲಯದ ಟೀಚ್-ನೌ ಎಂಬ ಒಂಬತ್ತು ತಿಂಗಳ ಆನ್‌ಲೈನ್ ಕಾರ್ಯಕ್ರಮ ಪ್ರಸಿದ್ಧ. ಅದರಿಂದ ಅಮೆರಿಕದ ಬೋಧನಾ ಲೈಸೆನ್ಸಿಗೆ ದಾರಿಯಾಗುತ್ತದೆ, ಜೊತೆಗೆ ಪ್ರಾಕ್ಸಿಸ್ ಪರೀಕ್ಷೆ ಬರೆಯಬೇಕಾಗುತ್ತದೆ. ಅದರ ಕೊನೆಯ ಭಾಗವೂ ತರಗತಿಯಲ್ಲೇ ನಡೆಯುವುದು.

ಐಬಿಯ ದಾರಿ ಬೇರೆ. ಐಬಿ ಸಂಸ್ಥೆ ನಡೆಸುವ ಆನ್‌ಲೈನ್ ಕಾರ್ಯಾಗಾರಗಳಲ್ಲಿ ಹೊಸಬರಿಗೆ ಮೊದಲ ವರ್ಗದವು, ಕೆಲವು ವಾರಗಳದ್ದು. ಸಾಮಾನ್ಯವಾಗಿ ಶಾಲೆಯೇ ತನ್ನ ಖರ್ಚಿನಲ್ಲಿ ಹೊಸ ಶಿಕ್ಷಕರನ್ನು ಇದಕ್ಕೆ ಕಳಿಸುತ್ತದೆ. ಆದ್ದರಿಂದ ಕೆಲಸ ಸಿಗುವ ಮೊದಲೇ ಕೈಯಿಂದ ಹಣ ಹಾಕುವ ಮುನ್ನ ಎರಡು ಸಲ ಯೋಚಿಸಿ. ಕೇಂಬ್ರಿಜ್‌ನ ವೃತ್ತಿ ಅಭಿವೃದ್ಧಿ ಅರ್ಹತೆಗಳು, ಅಂದರೆ ಪಿಡಿಕ್ಯೂ, ಕೂಡ ಪಾಠ ಮಾಡುತ್ತಿರುವವರಿಗೇ ಇರುವಂಥವು.

ಉಚಿತವಾಗಿ ಸಿಗುವುದೇ ರಾಶಿ ಇದೆ. ಕೇಂಬ್ರಿಜ್‌ನ ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಕೆಲವು, ಅವುಗಳ ಮಾರ್ಕ್ ಸ್ಕೀಮು ಎಲ್ಲ ಅವರ ತಾಣದಲ್ಲಿವೆ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ ‘ಐಒಪಿ ಸ್ಪಾರ್ಕ್’ ಹೆಸರಿನಲ್ಲಿ ಮಕ್ಕಳು ಎಲ್ಲೆಲ್ಲಿ ತಪ್ಪು ತಿಳಿಯುತ್ತಾರೆ, ಅದನ್ನು ಬಿಡಿಸುವುದು ಹೇಗೆ ಎಂದು ಪಾಠವಾರು ಇಟ್ಟಿದೆ. ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಸಿಮ್ಯುಲೇಷನ್‌ಗಳು ಕನ್ನಡದಲ್ಲೂ ಲಭ್ಯ. ಇದನ್ನು ಶುರು ಮಾಡಿದ ಕಾರ್ಲ್ ವೀಮನ್ ಸ್ವತಃ ಭೌತಶಾಸ್ತ್ರದ ನೊಬೆಲ್ ಪಡೆದವರು. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ‘ಫೈಫಾಕ್ಸ್’ ಆ್ಯಪ್ ಹಾಕಿಕೊಂಡರೆ ನಿಮ್ಮ ಫೋನೇ ವೇಗೋತ್ಕರ್ಷ, ಶಬ್ದ, ಕಾಂತಕ್ಷೇತ್ರ ಅಳೆಯುವ ಉಪಕರಣ. ಸ್ವಯಂ ವೇದಿಕೆಯಲ್ಲಿ ಐಐಟಿಗಳ ಫಿಸಿಕ್ಸ್ ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಹಣದ ಕೋರ್ಸು ಸೇರುವ ಮೊದಲು ಆರು ತಿಂಗಳು ಇವುಗಳಲ್ಲಿ ಬೆವರು ಹರಿಸಿ.

ವಿದೇಶಿ ಕೋರ್ಸಿನ ಲೈವ್ ಕ್ಲಾಸಿನ ವೇಳೆಯನ್ನೂ ಕೇಳಿಕೊಳ್ಳಿ. ಲಂಡನ್ನಿನ ಸಂಜೆ ಏಳು ಎಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಬೆಳಿಗ್ಗೆ ಬಸ್ಸು ಹತ್ತಿ ಶಾಲೆಗೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಕರೆಂಟು ಹೋದಾಗ ವೈಫೈ ಉಳಿಯುವಂತೆ ರೂಟರಿಗೆ ಒಂದು ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಹಳ್ಳಿಯ ಮನೆಯಿಂದಲೂ ಓದು ಸಾಗುತ್ತದೆ.

ಇಂಗ್ಲಿಷಿನ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರು, ಮನೆಯಲ್ಲಿ ತೆಲುಗು ಆಡುವವರು, ಈ ಹಂತದಲ್ಲಿ ಹಿಂದೆ ಸರಿಯುತ್ತಾರೆ. ಅವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಬಡ ಕುಟುಂಬದ ಹುಡುಗ ಓದಿನ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. 1960ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದು ವಾಪಸು ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಗೌರಿಬಿದನೂರು ಮತ್ತು ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜು ತೆರೆಸಿದರು. ಆನ್‌ಲೈನ್ ಇರಲಿ, ಊರಿಗೆ ಸರಿಯಾದ ಬಸ್ಸೂ ಇಲ್ಲದ ಕಾಲದ ಮಾತು ಇದು.

ತರಗತಿಗೆ ಬೇಕಾದ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷಲ್ಲ. ಚಿಕ್ಕ ವಾಕ್ಯ, ಸರಿಯಾದ ಪಾರಿಭಾಷಿಕ ಪದ, ಸ್ಪಷ್ಟವಾದ ಪ್ರಶ್ನೆ. ದಿನಕ್ಕೊಂದು ಪರಿಕಲ್ಪನೆಯನ್ನು ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಬಹಳ ಸಲ ಭಾಷೆಗಿಂತ ಫಿಸಿಕ್ಸೇ ಮಸುಕಾಗಿರುತ್ತದೆ.

ಡೆಮೊ ಕ್ಲಾಸಿಗೆ ನಮ್ಮೂರೇ ಸಾಮಗ್ರಿ

ಸಂದರ್ಶನದಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಅಲ್ಲಿ ಲಂಡನ್ನಿನ ಪುಸ್ತಕದ ಉದಾಹರಣೆ ಒಪ್ಪಿಸುವ ಬದಲು ನಿಮ್ಮ ನೆಲದಿಂದ ಒಂದನ್ನು ತೆಗೆದುಕೊಂಡು ಹೋಗಿ.

ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಯ ರೇಡಿಯೊ ದೂರದರ್ಶಕ 1976ರಿಂದ ಇದೆ. ಅದನ್ನು ಕಟ್ಟಿದ್ದು 34.5 ಮೆಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು ಆಲಿಸಲು. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಲು ಮಕ್ಕಳಿಗೆ ಹೇಳಿ, ತರಂಗದೂರ ಸುಮಾರು 8.7 ಮೀಟರ್ ಬರುತ್ತದೆ. ಇಷ್ಟುದ್ದದ ಅಲೆಗೆ ಬಟ್ಟಲಿನಾಕಾರದ ಆಂಟೆನಾ ಮಾಡಹೊರಟರೆ ಅದೆಷ್ಟು ದೊಡ್ಡದಾಗಬೇಕು, ಅದಕ್ಕೆ ಬದಲಾಗಿ ಹೊಲದ ತುಂಬ ಸಾಲು ಸಾಲು ಡೈಪೋಲ್ ಯಾಕೆ ನೆಟ್ಟಿದ್ದಾರೆ ಎಂದು ಕೇಳಿ. ಅದೇ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕ ಜಾಲ 1965ರಿಂದ ನೆಲದ ಅಲೆಗಳನ್ನು ದಾಖಲಿಸುತ್ತಿದೆ. ನೀಳ ಮತ್ತು ಅಡ್ಡ ಅಲೆಗಳ ಪಾಠಕ್ಕೆ ಇದಕ್ಕಿಂತ ಏನು ಬೇಕು?

1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧಕ್ಕೆ ಅದೊಂದು ಪಾಠ. ಶಿಡ್ಲಘಟ್ಟದ ರೀಲರುಗಳು ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಎಳೆಯ ಮೇಲಿನ ಸೆರಿಸಿನ್ ಅಂಟು ಸಡಿಲವಾಗಲೆಂದು. ಆ ಬಾಣಲೆಯ ನೀರನ್ನು ಬಿಸಿ ಮಾಡಲು ಎಷ್ಟು ಶಕ್ತಿ ಬೇಕು, ಅದರಲ್ಲಿ ಎಷ್ಟು ಗಾಳಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿಸಿದರೆ ವಿಶಿಷ್ಟೋಷ್ಣ ಮಕ್ಕಳಿಗೆ ಮರೆಯುವುದಿಲ್ಲ. ಪ್ಯಾನೆಲಿನಲ್ಲಿ ಕೂತವರಿಗೆ ನೀವೂ ಮರೆಯುವುದಿಲ್ಲ.

ಕಾಗದ, ಕಾಲ, ಮೋಸ

ಐಬಿ ಶಾಲೆಗಳ ವರ್ಷ ಹೆಚ್ಚಾಗಿ ಆಗಸ್ಟ್ ಸುಮಾರಿಗೆ ಶುರು. ನೇಮಕಾತಿ ಮಾತ್ರ ಅದರ ಹಿಂದಿನ ವರ್ಷದ ಕೊನೆಯಿಂದಲೇ ನಡೆಯುತ್ತಿರುತ್ತದೆ. ಮೇ ತಿಂಗಳಲ್ಲಿ ಅರ್ಜಿ ಹಾಕಿದರೆ ಅಳಿದುಳಿದ ಹುದ್ದೆ ಸಿಕ್ಕರೆ ಸಿಕ್ಕಿತು. ವಿದೇಶಕ್ಕಾದರೆ ಪದವಿ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಅಥವಾ ದೃಢೀಕರಣ ಬೇಕು, ಯುಎಇಯಂಥ ದೇಶಕ್ಕೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆಯಿರಿ. ಎಸ್‌ಎಸ್‌ಎಲ್‌ಸಿ ಕಾರ್ಡು, ಪದವಿ ಪತ್ರ, ಪಾಸ್‌ಪೋರ್ಟು ಮೂರರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ರೀತಿ ಇದೆಯೇ ಈಗಲೇ ನೋಡಿಕೊಳ್ಳಿ. ನಮ್ಮ ಕಡೆ ತಂದೆಯ ಹೆಸರು, ಊರಿನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುವುದರಿಂದ ತಿಂಗಳುಗಟ್ಟಲೆ ತಡವಾಗುತ್ತದೆ.

ಕೆಲಸ ಕೊಡಿಸುತ್ತೇವೆ ಎಂದು ಅಭ್ಯರ್ಥಿಯಿಂದಲೇ ‘ರಿಜಿಸ್ಟ್ರೇಷನ್’, ‘ವೀಸಾ ಠೇವಣಿ’ ಕೇಳುವವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಮರ್ಯಾದಸ್ಥ ಶಾಲೆ ಶಿಕ್ಷಕರಿಂದ ಹುದ್ದೆಗೆ ಹಣ ಪಡೆಯುವುದಿಲ್ಲ. ಎರಡು ದಿನದ ವೆಬಿನಾರ್ ಮುಗಿಸಿ ‘ಅಂತರರಾಷ್ಟ್ರೀಯ ಡಿಪ್ಲೊಮಾ’ ಕೊಡುವ ಸಂಸ್ಥೆಗಳ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ಕೋರ್ಸು ಯಾವ ವಿಶ್ವವಿದ್ಯಾಲಯದ್ದು, ಎಷ್ಟು ಕ್ರೆಡಿಟ್ಟು, ಬೋಧನಾಭ್ಯಾಸ ಎಷ್ಟು ವಾರ, ಕೊನೆಗೆ ಕೈಗೆ ಬರುವುದು ವಿದ್ಯಾರ್ಹತೆಯೋ ಲೈಸೆನ್ಸೋ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಯಾವ ಕೋರ್ಸಿಗೂ ರೂಪಾಯಿ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಕೇಂಬ್ರಿಜ್ ತಾಣದಿಂದ ಐಜಿಸಿಎಸ್‌ಇ ಫಿಸಿಕ್ಸ್‌ನ ನಾಲ್ಕನೇ ಪತ್ರಿಕೆ ಇಳಿಸಿಕೊಳ್ಳಿ. 80 ಅಂಕ, ಒಂದೂಕಾಲು ಗಂಟೆ. ಗಡಿಯಾರ ಇಟ್ಟು ಬರೆಯಿರಿ, ಮಾರ್ಕ್ ಸ್ಕೀಮ್ ತೆರೆದು ನೀವೇ ನಿರ್ದಾಕ್ಷಿಣ್ಯವಾಗಿ ಅಂಕ ಹಾಕಿ. 70 ದಾಟಿದರೆ ನಿಮಗೆ ಬೇಕಾಗಿರುವುದು ಬೋಧನೆಯ ಅನುಭವ ಮತ್ತು ಕಾಗದ; ಹತ್ತಿರದ ಪ್ರೌಢಶಾಲೆಯ ಮುಖ್ಯ ಶಿಕ್ಷಕರನ್ನು ಕಂಡು ಒಂದು ತರಗತಿ ಕೇಳಿ ಪಡೆಯಿರಿ. 70ರೊಳಗೆ ಬಂದರೆ ಆ ಕೋರ್ಸಿನ ಹಣ ಬ್ಯಾಂಕಿನಲ್ಲೇ ಇರಲಿ, ಮೊದಲು ಫಿಸಿಕ್ಸ್ ಓದಿ.